ಹತ್ತು ಚೀಟಿ, ಏಳು ಸುತ್ತು: 3816547290ನ್ನು ಕೈಲೆಕ್ಕದಲ್ಲೇ ಹುಡುಕುವ ಬಗೆ

381 ಕೋಟಿ 65 ಲಕ್ಷ 47 ಸಾವಿರದ 290. ಬಾಯಲ್ಲಿ ಹೇಳಿದರೆ ಯಾವುದೋ ರಸ್ತೆ ಟೆಂಡರಿನ ಮೊತ್ತ ಅನಿಸುತ್ತದೆ. ಅಂಕಿಯಲ್ಲಿ ಬರೆದು ನೋಡಿ: 3816547290. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೂ ಅಂಕಿಗಳು ಇದರಲ್ಲಿ ಒಂದೊಂದೇ ಸಲ ಬಂದಿವೆ. ಎಡಗಡೆಯಿಂದ ಮೊದಲ ಎರಡು ಅಂಕಿ 38, ಅದು 2ರಿಂದ ಭಾಗವಾಗುತ್ತದೆ. ಮೊದಲ ಮೂರು 381, ಅದು 3ರಿಂದ. 3816 ನಾಲ್ಕರಿಂದ, 38165 ಐದರಿಂದ, ಹೀಗೇ ಹತ್ತರವರೆಗೂ ಎಲ್ಲೂ ಶೇಷ ಉಳಿಯುವುದಿಲ್ಲ. ಹತ್ತು ಅಂಕಿಗಳನ್ನು 36,28,800 ಬಗೆಯಲ್ಲಿ ಸಾಲಾಗಿ ಇಡಬಹುದು. ಅಷ್ಟರಲ್ಲಿ ಈ ಗುಣ ಇರುವುದು ಇದೊಂದಕ್ಕೇ.

ಉತ್ತರವನ್ನು ಇಲ್ಲಿ ಹೇಳಿಬಿಟ್ಟಿದ್ದೇವೆ, ನೀವು ಮಕ್ಕಳಿಗೆ ಹೇಳಬೇಡಿ. ಡಿಸೆಂಬರ್ 22, ಅಂದರೆ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ ಬಂದಾಗ ದಾವಣಗೆರೆ, ಚಿತ್ರದುರ್ಗದ ಹೈಸ್ಕೂಲುಗಳಲ್ಲಿ ಏನು ಮಾಡಿಸೋಣ ಎಂದು ಹುಡುಕುವ ಮೇಷ್ಟ್ರುಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಎಂಟನೇ ತರಗತಿಯ ಭಾಜ್ಯತೆಯ ನಿಯಮಗಳು ಗೊತ್ತಿದ್ದರೆ ಸಾಕು. ಒಂದು ಪೀರಿಯಡ್ ಸಾಲದು, ಎರಡು ಬೇಕು. ಮೊದಲ ಪೀರಿಯಡ್ಡಿನಲ್ಲಿ ಆರು ಸುತ್ತು ಮುಗಿಸಿ, ಏಳನೆಯದನ್ನು ಎರಡನೆಯದಕ್ಕೆ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ. ಎಡದಿಂದ ಬಲಕ್ಕೆ, ಒಂದನೇ ಮನೆಯಿಂದ ಅಂಕಿ ತುಂಬುತ್ತಾ ಹೊರಟವರು ನಾಲ್ಕನೇ ಮನೆ ಮುಟ್ಟುವಷ್ಟರಲ್ಲಿ ಪುಟಗಟ್ಟಲೆ ಗೀಚಿರುತ್ತಾರೆ. ನಿಯಮಗಳನ್ನು 2, 3, 4 ಎಂದು ಸರದಿಯಲ್ಲಿ ಹಿಡಿಯಬಾರದು. ಯಾವುದು ಹೆಚ್ಚು ಬಾಗಿಲು ಮುಚ್ಚುತ್ತದೋ ಅದನ್ನು ಮೊದಲು ಹಿಡಿಯಬೇಕು. ಈ ಲೆಕ್ಕದ ಜೀವ ಇರುವುದೇ ಅಲ್ಲಿ.

ಬೇಕಾದ ಸಾಮಾನು

ಹಳೆಯ ಲಗ್ನಪತ್ರಿಕೆಗಳನ್ನು ಎರಡಿಂಚು ಚೌಕಕ್ಕೆ ಕತ್ತರಿಸಿ, ಗುಂಪಿಗೆ ಹತ್ತು ಚೀಟಿ ಮಾಡಿ. ಸ್ಕೆಚ್ ಪೆನ್ನಿನಲ್ಲಿ 0ಯಿಂದ 9ರವರೆಗೆ ಬರೆಯಿರಿ. 6 ಮತ್ತು 9ರ ಕೆಳಗೆ ಗೆರೆ ಎಳೆಯುವುದನ್ನು ಮರೆಯಬೇಡಿ. ಚೀಟಿ ತಲೆಕೆಳಗಾಗಿ ಒಂದು ಗುಂಪಿಗೆ ಎರಡು ಒಂಬತ್ತು ಬಂದರೆ ಅರ್ಧ ಗಂಟೆಯ ಕೆಲಸ ಹಾಳು. ಕನ್ನಡ ಅಂಕಿಯಲ್ಲಿ ಬರೆದರೂ ಇದೇ ಪಾಡು: ಅವಸರದ ಕೈಬರಹದಲ್ಲಿ ೬ ಮತ್ತು ೯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಗೀಚಿ, ಪ್ರತಿ ಮನೆಯ ತಲೆಯ ಮೇಲೆ ಅದರ ನಂಬರು ಬರೆಯಿರಿ. ಜೊತೆಗೆ ಒಂದು ಅಳಗುಳಿ ಮಣೆ, ನಾಲ್ಕಾರು ಹುಣಸೆ ಬೀಜ. ಬೀಜ ಸಿಗದಿದ್ದರೆ ಮೆಕ್ಕೆಜೋಳದ ಕಾಳು ಆದೀತು. ಮಂಡಕ್ಕಿ ಮಾತ್ರ ಬೇಡ, ದಾವಣಗೆರೆಯ ಮಕ್ಕಳ ಕೈಯಲ್ಲಿ ಅದು ಲೆಕ್ಕ ಮುಗಿಯುವವರೆಗೆ ಉಳಿಯುವುದಿಲ್ಲ.

ಕೈ ಪಳಗಲು ಆರು ಚೀಟಿ

ಮೊದಲು 1ರಿಂದ 6ರವರೆಗಿನ ಚೀಟಿಗಳನ್ನಷ್ಟೇ ಕೊಡಿ. ಆರು ಮನೆ, ಅದೇ ನಿಯಮ. ಐದನೇ ಮನೆಗೆ 5 ಬಿಟ್ಟರೆ ಬೇರೆ ದಾರಿಯಿಲ್ಲ, ಸಮ ಅಂಕಿಗಳು 2, 4, 6ನೇ ಮನೆಗಳಿಗೆ ಹೋಗಬೇಕು. ಹತ್ತು ನಿಮಿಷದಲ್ಲಿ 123654 ಮತ್ತು 321654 ಎಂಬ ಎರಡು ಉತ್ತರ ಬರುತ್ತವೆ. ಎರಡು ಮಾತ್ರ.

ಆಮೇಲೆ 7ರ ಚೀಟಿ ಸೇರಿಸಿ ಏಳು ಮನೆ ಮಾಡಿ ಕೊಟ್ಟರೆ ಉತ್ತರವೇ ಇಲ್ಲ. ಇದನ್ನು ಬೇಕೆಂದೇ ಕೊಡಿ. "ಏಳರಿಂದ ಭಾಗಾನೇ ಆಗ್ತಿಲ್ಲ ಸಾರ್" ಎಂದು ಒಂದು ಗುಂಪಾದರೂ ಎದ್ದು ಬಂದರೆ ನಿಮ್ಮ ಕೆಲಸ ಅರ್ಧ ಆದಂತೆ. ಏಕೆಂದರೆ ಆಗುವುದಿಲ್ಲ ಎಂದು ಹೇಳಬೇಕಾದರೆ 1236547, 3216547, 3276541, 7236541 ಎಂಬ ನಾಲ್ಕನ್ನೂ ಪರೀಕ್ಷಿಸಿರಲೇಬೇಕು. ಒಂದೆರಡು ನೋಡಿ ಕೈಬಿಟ್ಟವರನ್ನು ವಾಪಸ್ ಕಳಿಸಿ.

ಸೊನ್ನೆಯನ್ನು ಹೊರಗೆ ಕೂರಿಸಿ, ಒಳಗೆ ನಡೆಯಿರಿ

ಈಗ ಹತ್ತೂ ಚೀಟಿ. ಇಡೀ ಸಂಖ್ಯೆ 10ರಿಂದ ಭಾಗವಾಗಬೇಕಾದರೆ ಕೊನೆಯ ಮನೆಯಲ್ಲಿ ಸೊನ್ನೆ ಇರಲೇಬೇಕು. 36,28,800 ಜೋಡಣೆಗಳಿದ್ದದ್ದು ಒಂದೇ ಏಟಿಗೆ 3,62,880ಕ್ಕೆ ಇಳಿಯಿತು. ಸೊನ್ನೆ ಕೋಟೆಯ ಹೊರಗಿನ ಚೌಕಿಯಲ್ಲಿ ಕೂತಿತು ಅಂದುಕೊಳ್ಳಿ. ಇನ್ನು ಒಳಗೆ ಸರಿಯಾಗಿ ಏಳು ಸುತ್ತು ಉಳಿದಿವೆ. ಚಿತ್ರದುರ್ಗದ ಮಕ್ಕಳಿಗೆ ಏಳು ಸುತ್ತಿನ ಕೋಟೆಯನ್ನು ಯಾರೂ ವಿವರಿಸಬೇಕಾಗಿಲ್ಲ, ಬೋರ್ಡಿನ ಮೇಲೆ ಏಳು ಸುತ್ತು ಬರೆದು ಒಂದೊಂದರಲ್ಲೂ ಎಷ್ಟು ಜೋಡಣೆ ಉಳಿದವೆಂದು ತುಂಬುತ್ತಾ ಹೋಗಿ.

ಒಂದನೇ ಸುತ್ತು, ಐದು. ಐದನೇ ಮನೆಯಲ್ಲಿ 0 ಅಥವಾ 5 ಇರಬೇಕು. 0 ಆಗಲೇ ಹೋಗಿದೆ, ಉಳಿದದ್ದು 5. ಜೋಡಣೆಗಳು 40,320.

ಎರಡನೇ ಸುತ್ತು, ಸಮ ಮತ್ತು ಬೆಸ. 2, 4, 6, 8ನೇ ಮನೆಗಳಲ್ಲಿ ಮುಗಿಯುವ ಸಂಖ್ಯೆಗಳು ಸಮ ಆಗಿರಬೇಕು. ಸಮ ಅಂಕಿಗಳು ಉಳಿದಿರುವುದೂ ನಾಲ್ಕೇ: 2, 4, 6, 8. ಹಾಗಾಗಿ 1, 3, 7, 9 ಎಂಬ ಬೆಸ ಅಂಕಿಗಳಿಗೆ 1, 3, 7, 9ನೇ ಮನೆಗಳೇ ಗತಿ. (ಅಂಕಿಯೂ ಮನೆಯ ನಂಬರೂ ಒಂದೇ ಆಗಿರುವುದು ಕಾಕತಾಳೀಯ, ಅದನ್ನು ಹಿಡಿದು 1ನ್ನು ಒಂದನೇ ಮನೆಗೆ ಹಾಕುವವರು ಇದ್ದೇ ಇರುತ್ತಾರೆ, ಕಣ್ಣಿಟ್ಟಿರಿ.) ಉಳಿದದ್ದು 576. ಎಲ್ಲಕ್ಕಿಂತ ದೊಡ್ಡ ಬಾಗಿಲು ಮುಚ್ಚಿದ್ದು ಇಲ್ಲಿಯೇ.

ಮೂರನೇ ಸುತ್ತು, ನಾಲ್ಕು. 3 ಮತ್ತು 4ನೇ ಮನೆಯ ಎರಡಂಕಿ ಸಂಖ್ಯೆ 4ರಿಂದ ಭಾಗವಾಗಬೇಕು. ಮೂರನೇ ಮನೆಯಲ್ಲಿ ಬೆಸ ಅಂಕಿ ಇದೆ. 12, 16, 32, 36, 72, 76, 92, 96 ಇವನ್ನು ಬರೆಸಿ ನೋಡಿ, ಕೊನೆಗೆ ಬರುವುದು 2 ಅಥವಾ 6 ಮಾತ್ರ. 14, 18, 34, 38 ಯಾವುದೂ ಆಗುವುದಿಲ್ಲ. ಆದ್ದರಿಂದ ನಾಲ್ಕನೇ ಮನೆಗೆ 2 ಅಥವಾ 6. ಉಳಿದದ್ದು 288. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ನಾಲ್ಕನೇ ಮನೆಯಲ್ಲಿ 4 ಅಥವಾ 8 ಇದ್ದರೆ ನಾಲ್ಕರ ಮಗ್ಗಿಗೆ ಬಂತಲ್ಲ ಎಂದು ಮುಂದೆ ಹೋಗಿಬಿಡುವುದು. ನಿಯಮ ಕೊನೆಯ ಎರಡು ಅಂಕಿಗೆ, ಒಂದಕ್ಕಲ್ಲ.

ನಾಲ್ಕನೇ ಸುತ್ತು, ಆರು. ಮೊದಲ ಮೂರು ಅಂಕಿಗಳ ಮೊತ್ತ 3ರಿಂದ ಭಾಗವಾಗಲೇಬೇಕು, ಮೊದಲ ಆರರದ್ದೂ ಆಗಬೇಕು. ಹಾಗಾದರೆ 4, 5, 6ನೇ ಮನೆಗಳ ಮೊತ್ತವೂ ಆಗಲೇಬೇಕು. ನಡುವೆ 5 ಕೂತಿದೆ. ನಾಲ್ಕರಲ್ಲಿ 2 ಇದ್ದರೆ ಆರರಲ್ಲಿ 8, ನಾಲ್ಕರಲ್ಲಿ 6 ಇದ್ದರೆ ಆರರಲ್ಲಿ 4. ಅಂದರೆ ನಡುವಿನ ಮೂರು ಮನೆ 258 ಅಥವಾ 654. ಉಳಿದದ್ದು 96.

ಐದನೇ ಸುತ್ತು, ಎಂಟು. 8ರ ನಿಯಮ ಕೊನೆಯ ಮೂರು ಅಂಕಿಗೆ, ಅಂದರೆ 6, 7, 8ನೇ ಮನೆಗಳಿಗೆ. ಆದರೆ ಆರನೇ ಮನೆಯಲ್ಲಿ ಸಮ ಅಂಕಿ ಇದೆ. 200, 400, 600, 800 ಎಲ್ಲವೂ 8ರಿಂದ ಭಾಗವಾಗುವುದರಿಂದ ಆ ಮನೆಯನ್ನು ಮರೆತು 7, 8ನೇ ಮನೆಗಳನ್ನಷ್ಟೇ ನೋಡಿದರೆ ಸಾಕು. ಬೆಸ ಅಂಕಿಯಿಂದ ಶುರುವಾಗುವ ಎಂಟರ ಮಗ್ಗಿಯ ಸಂಖ್ಯೆಗಳು 16, 32, 56, 72, 96. 56ರಲ್ಲಿ 5 ಬಂದಿದೆ, ಬಿಡಿ. ನಡುವೆ 258 ಇದ್ದರೆ 2 ಖರ್ಚಾಗಿದೆ, 16 ಮತ್ತು 96 ಉಳಿಯುತ್ತವೆ. 654 ಇದ್ದರೆ 6 ಖರ್ಚಾಗಿದೆ, 32 ಮತ್ತು 72 ಉಳಿಯುತ್ತವೆ. ಇಷ್ಟಾದರೆ ಎರಡನೇ ಮನೆಯ ಸಮ ಅಂಕಿಯೂ ತಾನೇ ತೀರ್ಮಾನವಾಯಿತು. ಈಗ ನೆಲದ ಮೇಲೆ ಎರಡು ಸಾಲು ಕಾಣಬೇಕು:

_ 4 _ 2 5 8 _ 6 _ (ಏಳನೇ ಮನೆಯಲ್ಲಿ 1 ಅಥವಾ 9)
_ 8 _ 6 5 4 _ 2 _ (ಏಳನೇ ಮನೆಯಲ್ಲಿ 3 ಅಥವಾ 7)

ಉಳಿದ ಜೋಡಣೆಗಳು 24. ನಿಮ್ಮ ನೆಲದ ಮೇಲೆ ಈ ಎರಡು ಸಾಲು ಬಂದಿಲ್ಲವಾದರೆ ಮುಂದೆ ಹೋಗಬೇಡಿ, ತಪ್ಪು ಹಿಂದೆಯೇ ಎಲ್ಲೋ ಆಗಿದೆ.

ಆರನೇ ಸುತ್ತು, ಮೂರು. ಮೊದಲ ಸಾಲಿನಲ್ಲಿ 4ಕ್ಕೆ ಎರಡು ಬೆಸ ಅಂಕಿ ಕೂಡಿ ಮೂರರ ಮಗ್ಗಿಗೆ ಬರಬೇಕು. 1 ಮತ್ತು 7 ಮಾತ್ರ ಒದಗುತ್ತವೆ, ಮೊತ್ತ 12. ಹಾಗಾಗಿ ಏಳನೇ ಮನೆಗೆ 9, ಒಂಬತ್ತನೆಯದಕ್ಕೆ 3. ಎರಡನೇ ಸಾಲಿನಲ್ಲಿ 8ಕ್ಕೆ ಒದಗುವ ಜೋಡಿ ನಾಲ್ಕು: 1 ಮತ್ತು 3, 1 ಮತ್ತು 9, 3 ಮತ್ತು 7, 7 ಮತ್ತು 9. ಏಳನೇ ಮನೆಯಲ್ಲಿ 3 ಇದ್ದರೆ ಅದರಲ್ಲಿ ಎರಡು ಜೋಡಿ ಉಳಿಯುತ್ತವೆ, 7 ಇದ್ದರೂ ಎರಡು.

ಪ್ರತಿ ಜೋಡಿಯನ್ನೂ ತಿರುವಿ ಹಾಕಬಹುದು ಎನ್ನುವುದನ್ನು ಇಲ್ಲಿ ಬಹಳ ಜನ ಮರೆಯುತ್ತಾರೆ. 183 ಬರೆದವರು 381 ಬರೆಯುವುದಿಲ್ಲ. ಆಮೇಲೆ ಏಳರ ಪರೀಕ್ಷೆಯಲ್ಲಿ 183ರ ಸಾಲು ಬಿದ್ದುಹೋಗುತ್ತದೆ, ಉತ್ತರವೇ ಇಲ್ಲ ಎಂದು ಪುಸ್ತಕ ಮುಚ್ಚುತ್ತಾರೆ. ಈ ಲೆಕ್ಕ ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ತಿರುವಿದ್ದನ್ನೂ ಸೇರಿಸಿದರೆ ಒಟ್ಟು ಹತ್ತು ಸಂಖ್ಯೆ ಸಿಗಬೇಕು. ಒಂಬತ್ತಾದರೂ ತಪ್ಪು, ಹನ್ನೊಂದಾದರೂ ತಪ್ಪು.

ಒಂಬತ್ತರ ನಿಯಮ ಎಲ್ಲಿ ಹೋಯಿತು? ಅದು ಪುಕ್ಕಟೆ. 1ರಿಂದ 9ರವರೆಗಿನ ಮೊತ್ತ 45, ಹೇಗೆ ಜೋಡಿಸಿದರೂ 9ರಿಂದ ಭಾಗವಾಗುತ್ತದೆ. ಅದಕ್ಕೇ ಒಂದು ಸುತ್ತು ಉಳಿತಾಯವಾಯಿತು.

ಏಳನೇ ಸುತ್ತು

7ಕ್ಕೆ ಅಂಕಿ ನೋಡಿ ಹೇಳುವ ಸುಲಭ ನಿಯಮ ಇಲ್ಲ ಎಂದು ಶಾಲೆಯಲ್ಲಿ ಅದನ್ನು ಹಾರಿಸಿಬಿಡುವುದುಂಟು. ಎರಡು ದಾರಿ ಇವೆ. ಎರಡನ್ನೂ ಕಲಿಸಿ, ಒಂದರಿಂದ ಇನ್ನೊಂದನ್ನು ತಾಳೆ ನೋಡಬಹುದು.

ಮೊದಲ ದಾರಿ ಅಳಗುಳಿ ಮಣೆಯದು. ಕರಾವಳಿಯವರು ಚೆನ್ನೆಮಣೆ ಅನ್ನುತ್ತಾರೆ. ಮಣೆಯಲ್ಲಿ ಸಾಲಿಗೆ ಏಳು ಗುಳಿ, ನಮಗೆ ಬೇಕಾದದ್ದೂ ಅಷ್ಟೇ. ಒಂದು ಸಾಲಿನ ಗುಳಿಗಳಿಗೆ 0ಯಿಂದ 6ರವರೆಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ. ಇವೇ ಶೇಷದ ಗುಳಿಗಳು. ಬೀಜ ಈಗ ಯಾವ ಗುಳಿಯಲ್ಲಿದೆಯೋ ಆ ನಂಬರನ್ನು ಮೂರರಿಂದ ಗುಣಿಸಿ, ಮುಂದಿನ ಅಂಕಿ ಕೂಡಿ, ಏಳೇಳಾಗಿ ಕಳೆಯಿರಿ. ಉಳಿದ ನಂಬರಿನ ಗುಳಿಗೆ ಬೀಜ ಹೋಗಬೇಕು. ಮೂರು ಯಾಕೆ? ಒಂದು ಅಂಕಿ ಹಚ್ಚಿದಾಗ ಹಿಂದಿನ ಸಂಖ್ಯೆ ಹತ್ತರಷ್ಟಾಗುತ್ತದೆ, ಹತ್ತರಲ್ಲಿ ಏಳು ಹೋದರೆ ಮೂರು.

3816547ಕ್ಕೆ ನಡೆಸಿ ನೋಡೋಣ. ಬೀಜ 3ನೇ ಗುಳಿಯಲ್ಲಿ ಶುರು. ಮೂರ್ಮೂರ್ಲ ಒಂಬತ್ತು, 8 ಕೂಡಿ 17, ಉಳಿದದ್ದು 3. ಮತ್ತೆ 9, 1 ಕೂಡಿ 10, ಉಳಿದದ್ದು 3. ಮತ್ತೆ 9, 6 ಕೂಡಿ 15, ಉಳಿದದ್ದು 1. 3ಕ್ಕೆ 5 ಕೂಡಿ 8, ಉಳಿದದ್ದು 1. 3ಕ್ಕೆ 4 ಕೂಡಿ 7, ಉಳಿದದ್ದು 0. ಸೊನ್ನೆಗೆ 7 ಕೂಡಿ 7, ಮತ್ತೆ 0. ಬೀಜ ಸೊನ್ನೆಯ ಗುಳಿಯಲ್ಲಿ ನಿಂತಿತು, ಭಾಗವಾಯಿತು. ಬೀಜ ಕೊನೆಗೆ ಮುಂಚೆಯೇ ಒಮ್ಮೆ ಸೊನ್ನೆಗೆ ಬಂದಿದ್ದನ್ನು ಗಮನಿಸಿದಿರಾ? ಅಂದರೆ 381654 ಆರರಿಂದಷ್ಟೇ ಅಲ್ಲ, ಏಳರಿಂದಲೂ ಭಾಗವಾಗುತ್ತದೆ. ಅದು 42ರ 9087ರಷ್ಟು.

ಎರಡನೇ ದಾರಿ 1001ರದ್ದು. 7×11×13 ಎಂದರೆ 1001. ಸಾವಿರವೆಂದರೆ 1001ಕ್ಕೆ ಒಂದು ಕಡಿಮೆ. ಆದ್ದರಿಂದ ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಮೊದಲ ಗುಂಪನ್ನು ಇಟ್ಟುಕೊಂಡು, ಎರಡನೆಯದನ್ನು ಕಳೆದು, ಮೂರನೆಯದನ್ನು ಕೂಡಿ ಹೀಗೆ ಹೋದರೆ ಬರುವ ಚಿಕ್ಕ ಸಂಖ್ಯೆಯೂ ಮೂಲದ ದೊಡ್ಡ ಸಂಖ್ಯೆಯೂ 7, 11, 13ರ ಮುಂದೆ ಒಂದೇ ಶೇಷ ಕೊಡುತ್ತವೆ. ಅಭ್ಯಾಸಕ್ಕೆ ನಮ್ಮ ಪಿನ್ ಕೋಡ್‌ಗಳೇ ಸಾಕು. ದಾವಣಗೆರೆಯ 577005 ತೆಗೆದುಕೊಳ್ಳಿ. 577ಕ್ಕೂ 005ಕ್ಕೂ ವ್ಯತ್ಯಾಸ 572. ಅದು 143ರ ನಾಲ್ಕರಷ್ಟು, ಹಾಗಾಗಿ ಈ ಪಿನ್ ಕೋಡ್ 11ರಿಂದಲೂ 13ರಿಂದಲೂ ಭಾಗವಾಗುತ್ತದೆ, 7ರಿಂದ ಇಲ್ಲ. ಚಿತ್ರದುರ್ಗದ 577501ರಲ್ಲಿ ವ್ಯತ್ಯಾಸ 76, ಮೂರರಲ್ಲಿ ಯಾವುದಕ್ಕೂ ಸಿಕ್ಕುವುದಿಲ್ಲ.

ಗುಂಪು ಮಾಡುವಾಗ ಒಂದು ಹಳ್ಳ ಇದೆ. ನಾವು ಸಂಖ್ಯೆಗಳನ್ನು ಲಕ್ಷ, ಕೋಟಿಯ ಅಲ್ಪವಿರಾಮ ಹಾಕಿ ಬರೆಯುತ್ತೇವೆ: 38,16,547. ಆ ಅಲ್ಪವಿರಾಮವನ್ನೇ ನಂಬಿ 547ರಿಂದ 16 ಕಳೆದು 38 ಕೂಡಿದರೆ 569 ಬರುತ್ತದೆ, 7ರಿಂದ ಭಾಗಿಸಿದರೆ 2 ಉಳಿಯುತ್ತದೆ. ಸರಿಯಾದ ಉತ್ತರ ಕೈಗೆ ಬಂದು ಜಾರಿಹೋಯಿತು. ಇಲ್ಲಿ ಗುಂಪು 3 | 816 | 547 ಎಂದೇ ಆಗಬೇಕು. 547ರಿಂದ 816 ಕಳೆದು 3 ಕೂಡಿದರೆ −266, ಅಂದರೆ ಏಳು ಮೂವತ್ತೆಂಟ್ಲ. ಅಲ್ಪವಿರಾಮ ಇಲ್ಲದೆ ಬರೆಸುವುದೇ ಕ್ಷೇಮ.

ಹತ್ತೂ ಸಂಖ್ಯೆಗಳು, ಅವುಗಳ ಮೊದಲ ಏಳು ಅಂಕಿಗೆ ಮಾಡಿದ ಮೂರು ಗುಂಪಿನ ಲೆಕ್ಕ, 7ರಿಂದ ಭಾಗಿಸಿದಾಗ ಉಳಿಯುವ ಶೇಷ ಹೀಗಿವೆ. ಮಕ್ಕಳ ಕೆಲಸ ತಿದ್ದಲು ಇಟ್ಟುಕೊಳ್ಳಿ:

147258963: 589 − 472 + 1 = 118, ಶೇಷ 6
741258963: 589 − 412 + 7 = 184, ಶೇಷ 2
189654327: 543 − 896 + 1 = −352, ಶೇಷ 5
981654327: 543 − 816 + 9 = −264, ಶೇಷ 2
789654321: 543 − 896 + 7 = −346, ಶೇಷ 4
987654321: 543 − 876 + 9 = −324, ಶೇಷ 5
183654729: 547 − 836 + 1 = −288, ಶೇಷ 6
381654729: 547 − 816 + 3 = −266, ಶೇಷ 0
189654723: 547 − 896 + 1 = −348, ಶೇಷ 2
981654723: 547 − 816 + 9 = −260, ಶೇಷ 6

ಋಣ ಸಂಖ್ಯೆಯ ಶೇಷದಲ್ಲಿ ಮಕ್ಕಳು ತಡವರಿಸುತ್ತಾರೆ. −352ಕ್ಕೆ ಶೇಷ 2 ಅಲ್ಲ. 352ರಲ್ಲಿ 350 ಹೋದರೆ 2, ಅದನ್ನು 7ರಿಂದ ಕಳೆದರೆ 5. ಭಾಗವಾಗುತ್ತದೋ ಇಲ್ಲವೋ ಅಷ್ಟೇ ಬೇಕಿದ್ದರೆ ಋಣ ಚಿಹ್ನೆಯನ್ನು ಕಡೆಗಣಿಸಬಹುದು.

987654321 ಈ ಪಟ್ಟಿಯಲ್ಲಿ ಕೊನೆಯ ಬಾಗಿಲವರೆಗೂ ಬಂದು ನಿಂತಿರುವುದು ನೋಡಲು ಚೆಂದ. ಏಳೊಂದನ್ನು ಬಿಟ್ಟು ಉಳಿದೆಲ್ಲ ನಿಯಮಕ್ಕೂ ಅದು ಒಪ್ಪುತ್ತದೆ.

ತಾಳೆ ನೋಡುವುದು

ಉತ್ತರ ಸಿಕ್ಕ ಗುಂಪಿನಿಂದ ಭಾಗಲಬ್ಧಗಳನ್ನು ಬರೆಸಿ. 38÷2 = 19, 381÷3 = 127, 3816÷4 = 954, 38165÷5 = 7633, 381654÷6 = 63609, 3816547÷7 = 545221, 38165472÷8 = 4770684, 381654729÷9 = 42406081. ಹತ್ತನೆಯದು ಹೇಳಬೇಕಾಗಿಲ್ಲ.

ಕೆಲವರು ಇಡೀ ಸಂಖ್ಯೆಯೇ 1ರಿಂದ 10ರವರೆಗೆ ಎಲ್ಲದರಿಂದ ಭಾಗವಾಗುತ್ತದೆ ಎಂದು ತಿಳಿಯುತ್ತಾರೆ. ಇಲ್ಲ. ಕೊನೆಯಲ್ಲಿ 90 ಇರುವುದರಿಂದ 3816547290 ನಾಲ್ಕರಿಂದಲೂ ಭಾಗವಾಗುವುದಿಲ್ಲ, ಎಂಟರಿಂದಲೂ ಇಲ್ಲ. ಏಳರಿಂದಲೂ ಆಗುವುದಿಲ್ಲ, ಅದಕ್ಕೆ ಕಾರಣ ಮಾತ್ರ ಈ 90 ಅಲ್ಲ. 1ರಿಂದ 10ರವರೆಗೆ ಎಲ್ಲಕ್ಕೂ ಒಗ್ಗುವ ಅತಿ ಚಿಕ್ಕ ಸಂಖ್ಯೆ 2520, ಅದು ಬೇರೆಯೇ ಕಥೆ. ಇಲ್ಲಿ ಕೇಳಿರುವುದು ಎಡಗಡೆಯ ತುಂಡುಗಳನ್ನು. ಆದರೆ ಯಾರೂ ಕೇಳದ 19ರಿಂದ ಇದು ಭಾಗವಾಗುತ್ತದೆ: 381654729 = 171 × 2231899.

ಒಂಬತ್ತು ಅಂಕಿಯನ್ನು ಮೂರು ಗುಂಪು ಮಾಡಿ ಅಂಕಿಗಳನ್ನು ಕೂಡಿದರೆ 381ರದ್ದು 12, 654ರದ್ದು 15, 729ರದ್ದು 18. ಮೂರು ಮೂರಾಗಿ ಮೆಟ್ಟಿಲು ಹತ್ತಿದ ಹಾಗೆ. ನಡುವಿನ 5ರ ಎರಡೂ ಬದಿಗೆ ಎದುರುಬದುರಾಗಿ 6 ಮತ್ತು 4, 8 ಮತ್ತು 2, ಎರಡೂ ಕಡೆ ಮೊತ್ತ 10. ಬೆಸ ಅಂಕಿಗಳು ಮಾತ್ರ ಈ ಶಿಸ್ತಿಗೆ ಬಗ್ಗಿಲ್ಲ.

ಸೊನ್ನೆಯ ಆಚೆಗೆ

ಅಂಕಿ ಒಂದೇ ಸಲ ಬರಬೇಕು ಎಂಬ ನಿಯಮ ಸಡಿಲಿಸಿ, ಹನ್ನೊಂದನೇ ಮನೆ, ಹನ್ನೆರಡನೇ ಮನೆ ಎಂದು ಮುಂದುವರಿಸಬಹುದೇ? ಪಿಯುಸಿ ಮಕ್ಕಳಿಗೆ ಇದನ್ನು ಕೊಡಿ.

ಹನ್ನೊಂದಕ್ಕೆ ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯಬೇಕು. ಹಾಗೆ ಮಾಡಿದರೆ 6 ಮಾತ್ರ ಒಪ್ಪುತ್ತದೆ: 38165472906. ಹನ್ನೆರಡಕ್ಕೆ ಕೊನೆಯ ಎರಡಂಕಿ ನಾಲ್ಕರ ಮಗ್ಗಿಗೆ, ಮೊತ್ತ ಮೂರರ ಮಗ್ಗಿಗೆ ಬರಬೇಕು. ಮೊದಲನೆಯದಕ್ಕೆ 0, 4, 8 ಆಗುತ್ತವೆ, ಎರಡನೆಯದಕ್ಕೆ 0, 3, 6, 9. ಎರಡಕ್ಕೂ ಸಲ್ಲುವುದು 0 ಒಂದೇ: 381654729060. ಹದಿಮೂರಕ್ಕೆ 1001ರ ದಾರಿಯಲ್ಲಿ 060 − 729 + 654 − 381 = −396, 13ರಿಂದ ಭಾಗಿಸಿದರೆ ಶೇಷ 7. ಹತ್ತರಷ್ಟು ಮಾಡಿದರೆ 70, ಅದಕ್ಕೆ 8 ಕೂಡಿದರೆ 78, ಹದಿಮೂರಾರ್ಲ. ಅಲ್ಲಿಗೆ 3816547290608.

ಹದಿನಾಲ್ಕನೇ ಮನೆಯಲ್ಲಿ ಬಾಗಿಲು ಮುಚ್ಚುತ್ತದೆ. 608 − 290 + 547 − 816 + 3 = 52, 7ರಿಂದ ಶೇಷ 3. ಹತ್ತರಷ್ಟು ಮಾಡಿ 30, ಏಳರ ಮಗ್ಗಿಗೆ ಬರಬೇಕಾದರೆ 5 ಕೂಡಬೇಕು, ಬೇರೆ ಯಾವ ಅಂಕಿಯೂ ಆಗದು. ಆದರೆ 14ರಿಂದ ಭಾಗವಾಗಬೇಕಾದರೆ ಸಂಖ್ಯೆ ಸಮ ಇರಬೇಕು, 5 ಬೆಸ. ಇಷ್ಟಕ್ಕೇ ಮುಗಿಯಿತು.

ಇಲ್ಲಿ ಕ್ಯಾಲ್ಕುಲೇಟರ್ ನಂಬಿದರೆ ಮೋಸ ಹೋಗುತ್ತೀರಿ. ಮಂಡಿಯ ಅಂಗಡಿಗಳಲ್ಲಿ ಇರುವ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ 381654729061ನ್ನು 12ರಿಂದ ಭಾಗಿಸಿ. ನಿಜವಾದ ಉತ್ತರ 31804560755.083 ಎಂದು ಮುಂದುವರಿಯುತ್ತದೆ. ಪರದೆಯಲ್ಲಿ ಹನ್ನೊಂದು ಅಂಕಿ ಪೂರ್ಣಾಂಕಕ್ಕೇ ಹೋಗಿ, ಬಿಂದುವಿನ ನಂತರ ಒಂದೇ ಜಾಗ ಉಳಿದಿರುತ್ತದೆ, ಅಲ್ಲಿ ಬರುವುದು ಸೊನ್ನೆ. ಭಾಗವಾಗದ ಸಂಖ್ಯೆ ಭಾಗವಾದಂತೆ ಕಾಣುತ್ತದೆ. ಎಕ್ಸೆಲ್ ಹಾಳೆಯೂ 15 ಅಂಕಿಯ ನಂತರದ್ದನ್ನು ಸೊನ್ನೆ ಮಾಡಿಬಿಡುತ್ತದೆ. ದೊಡ್ಡ ಸಂಖ್ಯೆಗೆ ಮೂರು ಮೂರರ ಗುಂಪು ಮತ್ತು ಪೆನ್ಸಿಲ್ಲೇ ಗಟ್ಟಿ. ಕಂಪ್ಯೂಟರ್ ಬೇಕೇ ಬೇಕೆಂದರೆ ಪೈಥಾನ್ ಬಳಸಿ, ಅದರ ಪೂರ್ಣಾಂಕಗಳಲ್ಲಿ ಈ ಕಿರಿಕಿರಿ ಇಲ್ಲ.

ಬೇರೆ ಸಂಖ್ಯೆಗಳು ಇನ್ನೂ ದೂರ ಹೋಗುತ್ತವೆ. ಅಂಕಿ ಎಷ್ಟು ಸಲವಾದರೂ ಬರಲಿ ಎಂದರೆ ಒಂಬತ್ತಂಕಿಯಲ್ಲಿ ಇಂಥವು 2492 ಇವೆ. ಅಂದಾಜು ಮಾಡುವುದೂ ಸುಲಭ: ಒಂಬತ್ತಂಕಿ ಸಂಖ್ಯೆಗಳು ಒಟ್ಟು 90 ಕೋಟಿ, ಎರಡರ ನಿಯಮಕ್ಕೆ ಅರ್ಧ, ಮೂರರ ನಿಯಮಕ್ಕೆ ಮೂರನೇ ಒಂದು ಉಳಿಯುತ್ತಾ ಹೋದರೆ 90 ಕೋಟಿಯನ್ನು 3,62,880ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 2480. ನಿಜಕ್ಕೆ ಇಷ್ಟು ಹತ್ತಿರ ಬಂದಿತಲ್ಲ! ಹತ್ತಂಕಿಯಲ್ಲೂ 2492 ಇವೆ, ಏಕೆಂದರೆ ಪ್ರತಿಯೊಂದಕ್ಕೂ ಒಂದು ಸೊನ್ನೆ ಹಚ್ಚುವುದಷ್ಟೇ ಕೆಲಸ. ಅಲ್ಲಿಂದ ಮುಂದೆ ಹಚ್ಚಬಹುದಾದ ಅಂಕಿ ಹತ್ತೇ, ಭಾಜಕ ಮಾತ್ರ ಬೆಳೆಯುತ್ತಾ ಹೋಗುತ್ತದೆ, ಹಾಗಾಗಿ ಸಂತತಿ ಕ್ಷೀಣಿಸುತ್ತದೆ. ಹದಿನೈದಂಕಿಗೆ 770, ಇಪ್ಪತ್ತಕ್ಕೆ 44, ಇಪ್ಪತ್ತನಾಲ್ಕಕ್ಕೆ 3, ಇಪ್ಪತ್ತೈದಕ್ಕೆ ಒಂದೇ ಒಂದು. ಇಪ್ಪತ್ತಾರಕ್ಕೆ ಇಲ್ಲ.

ಆ ಕೊನೆಯದನ್ನು ಬೋರ್ಡಿನ ಮೇಲೆ ಐದೈದು ಅಂಕಿಯಾಗಿ ಬರೆಯಿರಿ, ನಕಲು ಮಾಡುವಾಗ ಒಂದು ಸೊನ್ನೆ ಬಿಟ್ಟುಹೋಗುವ ಭಯ ತಪ್ಪುತ್ತದೆ: 36085 28850 36840 07860 36725. ಆಮೇಲೆ ನಮ್ಮ ಸಂಖ್ಯೆ ಬಿದ್ದ ಹದಿನಾಲ್ಕನೇ ಮನೆಯಲ್ಲೇ ಇದನ್ನೂ ಪರೀಕ್ಷಿಸಲು ಹೇಳಿ. ಮೊದಲ ಹದಿನಾಲ್ಕು ಅಂಕಿಯ ಗುಂಪುಗಳು 36 | 085 | 288 | 503 | 684. 684 − 503 + 288 − 085 + 36 = 420. ಏಳರವತ್ಲ, ಕೊನೆಯ ಅಂಕಿ 4, ಬಾಗಿಲು ತೆರೆದೇ ಇದೆ.